ಹೊಗೆಗೊಳವೆಯೂ ಹಿಗ್ಗಿದ ನಂಬಿಕೆಯೂ

ಅಡುಗೆಮನೆಯ ಗೋಡೆಗೆ ಸೇರಿದಂತೆ ಒಲೆಯನ್ನು ಕಟ್ಟಿಸಿ ಅದಕ್ಕೊಂದು ಹೊಗೆಗೊಳವೆಯನ್ನು ಕೂಡಿಸಲು ಹೊರಟ ಗೃಹಸ್ಥನಿಗೆ ನಮ್ಮ ನಾಡಿನಲ್ಲಿ ಉಪದೇಶಕರ ಅಭಾವವೆಂದೂ ತಲೆದೋರಿದ್ದಿಲ್ಲ. ಆ ಉಪದೇಶಗಳಲ್ಲೆಲ್ಲ ಅಗ್ರಪೀಠದಲ್ಲಿ ವಿರಾಜಮಾನವಾಗಿರುವುದು, ‘ಕೊಳವೆ ಅಗಲವಾದಷ್ಟೂ ಹೊಗೆಯನ್ನು ಚೆನ್ನಾಗಿ ಎಳೆಯುತ್ತದೆ’ ಎಂಬ ನುಡಿ. ಗಾರೆಯವನು ಇದನ್ನು ಯಜಮಾನನಿಗೆ ಹೇಳುತ್ತಾನೆ, ಯಜಮಾನನು ನೆರೆಯವನಿಗೆ ಹೇಳುತ್ತಾನೆ. ಊದುಗೊಳವೆ ಹಿಡಿದು ಕಣ್ಣೊರಸಿಕೊಳ್ಳುತ್ತಿರುವ ಗೃಹಿಣಿಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕೊಳವೆಗೆ ಎಳೆಯುವ ಶಕ್ತಿಯೇ ಇಲ್ಲವೆಂಬುದನ್ನು ಇವರಿಗೆ ಹೇಗೆ ತಿಳಿಸೋಣ? ಒಲೆಯಲ್ಲಿ ಕಾದ ಅನಿಲಗಳು ಹಿಗ್ಗಿ ಹಗುರವಾಗುತ್ತವೆ. ಹೊರಗಿನ ತಂಪಾದ, ಭಾರವಾದ ವಾಯು ಒಲೆಯ ಬಾಯಿಯಿಂದ ಒಳಹೊಕ್ಕು ಅವನ್ನು ಮೇಲಕ್ಕೆ ನೂಕುತ್ತದೆ. ಈ ನೂಕುಬಲವು ಕೊಳವೆಯ ಎತ್ತರವನ್ನೂ, ಒಳಗಿನ ಹೊಗೆಗೂ ಹೊರಗಿನ ವಾಯುವಿಗೂ ಇರುವ ಉಷ್ಣತೆಯ ಅಂತರವನ್ನೂ ಆಶ್ರಯಿಸಿದೆಯೇ ಹೊರತು ಅಗಲವನ್ನಲ್ಲ. 3 ಮೀಟರ್ ಎತ್ತರದ ಕೊಳವೆಯೊಳಗೆ 150 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಹೊಗೆ ತುಂಬಿದ್ದು, ಹೊರಗೆ 30 ಡಿಗ್ರಿಯಿದ್ದಾಗ ಹುಟ್ಟುವ ಒತ್ತಡವು ಕೇವಲ 1 ಮಿಲಿಮೀಟರ್ ಆಳದ ನೀರಿನ ಒತ್ತಡದಷ್ಟು. ಇಡೀ ಅಡುಗೆಮನೆಯ ಸೌಖ್ಯವು ಇಷ್ಟು ಅಲ್ಪವಾದ ಬಲವನ್ನು ನಂಬಿಕೊಂಡಿದೆ. ಅದನ್ನು ಪೋಲುಮಾಡಲು ಅಗಲದ ಕೊಳವೆಗಿಂತ ಉತ್ತಮ ಸಾಧನವಿಲ್ಲ.

4 ಅಂಗುಲದ ಕೊಳವೆ ಸಾಕಾಗುವಲ್ಲಿ 8 ಅಂಗುಲದ್ದನ್ನು ನಿಲ್ಲಿಸಿದರೆ ಒಳದಾರಿ ನಾಲ್ಮಡಿಯಾಗುತ್ತದೆ. ಅಷ್ಟೇ ಹೊಗೆ ಈಗ ಕಾಲುಭಾಗದ ವೇಗದಲ್ಲಿ ತೆವಳುತ್ತ, ದಾರಿಯುದ್ದಕ್ಕೂ ತನ್ನ ಶಾಖವನ್ನು ಕೊಳವೆಯ ಮೈಗೆ ಒಪ್ಪಿಸುತ್ತ, ತುದಿಯನ್ನು ಮುಟ್ಟುವಷ್ಟರಲ್ಲಿ ತಣಿದು ಭಾರವಾಗಿ ನಿಲ್ಲುತ್ತದೆ. ಅದರಲ್ಲಿದ್ದ ನೀರಾವಿಯೂ ಟಾರೂ ಒಳಮೈಗೆ ಜಿಡ್ಡಾಗಿ ಅಂಟುತ್ತವೆ. ಆ ಜಿಡ್ಡು ದಪ್ಪವಾಗಿ ಬೆಳೆದರೆ ಒಂದು ದಿನ ತಾನೇ ಹೊತ್ತಿಕೊಂಡು ಮಾಡಿಗೂ ಗಂಡಾಂತರವನ್ನು ತಂದೀತು. ಅತಿ ಕಿರಿದಾದ ಕೊಳವೆಯಲ್ಲಿ ಹೊಗೆ ಉಸಿರುಗಟ್ಟಿ ಹಿಮ್ಮೆಟ್ಟುವುದೂ ದಿಟ. ಆದಕಾರಣವೇ ಒಲೆಗೆ ತಕ್ಕ ಅಳತೆಯೆಂಬುದೊಂದುಂಟು.

ಈ ಅಳತೆಯನ್ನು ಕಂಡುಹಿಡಿಯಲು ಬಲ್ಲವರು ಶ್ರಮಿಸದೆ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ ‘ಅಸ್ತ್ರ’ ವಿಭಾಗದವರು ಮೂರು ಪಾತ್ರೆಗಳ ಅಸ್ತ್ರ ಒಲೆಯನ್ನು ರೂಪಿಸಿದಾಗ ಉರಿಗೂಡು, ಜಾಲರಿ, ಗಾಳಿಯ ದಾರಿ, ಕೊಳವೆ ಇವೆಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಅಳೆದೇ ನಿರ್ಧರಿಸಿದರು. ಕೊರಡನ್ನು ಸೀಳುವ ಶ್ರಮ ಉಳಿಯಲೆಂದು ಅಂಥ ಒಲೆಯ ಬಾಯನ್ನು ಒಡೆದು ಹಿಗ್ಗಿಸಿದವನು, ಬೇಡದ ತಣ್ಣಗಾಳಿಯನ್ನು ಮನಸಾರೆ ಒಳಗೆ ಬಿಟ್ಟುಕೊಂಡು ಹೊಗೆಯನ್ನು ತಣಿಸಿ, ಕಡೆಗೆ ‘ವಿಜ್ಞಾನಿಗಳ ಒಲೆ ನಮ್ಮ ಊರಿಗೆ ಆಗಿಬರುವುದಿಲ್ಲ’ ಎಂದು ತೀರ್ಪು ಕೊಡುತ್ತಾನೆ!

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಕೊಳವೆಯ ಕೂಡಿಕೆಯಿಂದ ಹೊಗೆ ಸೋರುತ್ತಿಲ್ಲವಾದ್ದರಿಂದ ಬಿರುಕಿಲ್ಲವೆಂದು ತಿಳಿಯಬೇಡಿ. ಒಲೆ ಸರಿಯಾಗಿ ಉರಿಯುವಾಗ ಬಿರುಕು ಹೊಗೆಯನ್ನು ಹೊರಬಿಡುವ ಬದಲು ತಣ್ಣಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಗೋಡೆಯನ್ನು ಕೊರೆದು ಕೊಳವೆಯನ್ನು ಅಡ್ಡಲಾಗಿ ಹೊರಚಾಚಿದರೆ ಸಾಲದು, ಅದು ಮಾಡಿನ ನೆತ್ತಿಯನ್ನು ಮೀರಿ ನಿಲ್ಲಬೇಕು. ಮೇಲಿನ ಕೊಳವೆಯ ತುದಿ ಕೆಳಗಿನದರ ಒಳಗೆ ಕೂರಬೇಕು, ಇಲ್ಲವಾದರೆ ಜಿಡ್ಡು ಹೊರಗಿಳಿದು ಗೋಡೆಯನ್ನು ಕಪ್ಪಾಗಿಸುತ್ತದೆ. ಕೆಂಡದಲ್ಲಿ ಹೊಗೆಯಿಲ್ಲವೆಂದು ಬಾಗಿಲು ಮುಚ್ಚಿ ಮಲಗುವವರು ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ವಾಸನೆಯೂ ಇಲ್ಲವೆಂಬುದನ್ನು ಮರೆಯಬಾರದು. ಹೊಗೆಯಾಡಿದ ತೊಲೆಗೆ ಹುಳು ಹತ್ತದೆಂಬ ಮಾತು ಒಂದಿಷ್ಟು ನಿಜವಾದರೂ, ತೊಲೆಯ ಆಯುಷ್ಯಕ್ಕಾಗಿ ಮನೆಯವರ ಶ್ವಾಸಕೋಶಗಳನ್ನು ಒತ್ತೆಯಿಡುವ ವ್ಯಾಪಾರ ಲಾಭದ್ದಲ್ಲ.

ನನಗೆ ಸೋಜಿಗವಾಗುವುದು ಅಜ್ಞಾನವಲ್ಲ. ಅಜ್ಞಾನಿಯೂ ಅಳೆದು ನೋಡಬಲ್ಲನು. ಒಲೆ ಆಗ್ನೇಯ ಮೂಲೆಯಿಂದ ಗೇಣಗಲ ಸರಿದರೆ ಕುಲಕ್ಕೇ ಕೇಡೆಂದು ನಡುಗುವವರು, ಮನೆಯ ಆಯದ ಲೆಕ್ಕದಲ್ಲಿ ಅಂಗುಲವನ್ನೂ ಬಿಟ್ಟುಕೊಡದವರು, ಕೊಳವೆಯ ವಿಷಯ ಬಂದಾಗ ಮಾತ್ರ ‘ಇರಲಿ, ಸ್ವಲ್ಪ ದೊಡ್ಡದೇ ಇರಲಿ’ ಎಂದು ಧಾರಾಳಿಗಳಾಗುತ್ತಾರೆ. ದೊಡ್ಡದೆಲ್ಲವೂ ಬಲಶಾಲಿಯೆಂದು ನಂಬುವ ಈ ಬುದ್ಧಿಯು ಮದ್ದಿನ ಪ್ರಮಾಣದಲ್ಲಿ, ಗೊಬ್ಬರದ ಮೂಟೆಯಲ್ಲಿ, ಸಭೆಯ ಭಾಷಣದಲ್ಲಿ ಒಂದೇ ಬಗೆಯಾಗಿ ಕೆಲಸಮಾಡುತ್ತದೆ. ಮದ್ದು ಹೆಚ್ಚಾದರೆ ವೈದ್ಯನಾದರೂ ಗದರಿಸಿಯಾನು. ಭಾಷಣ ಉದ್ದವಾದರೆ ಸಭಿಕರು ಎದ್ದುಹೋದಾರು. ಕೊಳವೆ ಅಗಲವಾದಾಗ ತಪ್ಪೊಪ್ಪಿಕೊಳ್ಳಬೇಕಾದವನು ಮಾತ್ರ ಕೂಲಿ ತೆಗೆದುಕೊಂಡು, ಇನ್ನೊಂದು ಊರಿನಲ್ಲಿ ಇನ್ನೂ ಅಗಲವಾದುದನ್ನು ನಿಲ್ಲಿಸುತ್ತಿರುತ್ತಾನೆ.