ಹಸಿ ಸಗಣಿ ಪಾತಿಗೆ ಬೇಡ

ಶಿವರಾತ್ರಿ ಕಳೀತು, ಚಳಿ ಹೋಯ್ತು. ಹಿತ್ತಲಲ್ಲಿ ಬೆಂಡೆ, ಸೌತೆ, ಹೀರೆ ಬೀಜ ಹಾಕೋ ಹೊತ್ತು. ಕೊಟ್ಟಿಗೇಲಿ ಹಸು ಇದೆ, ಗೊಬ್ಬರಕ್ಕೇನು ಬರ ಅಂತ ಹಸಿ ಸಗಣೀನೇ ಸುರಿದ್ರೋ, ಕೆಟ್ರಿ! ಕೊಳೆಯುವಾಗ ಬಿಸಿ ಏರುತ್ತೆ, ಅಮೋನಿಯಾ ಬರುತ್ತೆ, ಎಳೆ ಬೇರು ಸುಟ್ಟೇ ಹೋಗುತ್ತೆ. ನಾನೂ ಒಂದ್ಸಲ ಸೌತೆ ಸಸಿ ಹೀಗೇ ಕಳ್ಕೊಂಡೆ.

ಮಲೆನಾಡಿನ ಕ್ರಮ ನೋಡಿ: ಬೇಸಿಗೇಲಿ ಹಸುವಿನ ಕಾಲಡಿಗೆ ದರಕು (ಒಣಗಿದ ಎಲೆ), ಮಳೆಗಾಲದಲ್ಲಿ ಹಸಿ ಸೊಪ್ಪು. ಸಗಣಿ, ಗಂಜಲ ಎರಡನ್ನೂ ಅದೇ ಹೀರ್ಕೊಳ್ಳುತ್ತೆ. ಹಸುವಿಗೂ ಮೆತ್ತನೆ ಹಾಸಿಗೆ. ಆಮೇಲೆ ಬಾಚಿ ಗೊಬ್ಬರಗುಂಡಿಗೆ. ಆರು ತಿಂಗಳು ಕಳೆದದ್ದನ್ನ ಒಂದು ಹಿಡಿ ಎತ್ತಿ ಮೂಸಿ. ಸಗಣಿ ನಾತ ಹೋಗಿ ಮಣ್ಣಿನ ವಾಸನೆ ಬಂತಾ? ಪಾತಿಗೆ ಹಾಕಿ.

ಬೇಲಿ ಮಾತ್ರ ಇವತ್ತೇ ಬಿಗಿ ಮಾಡಿ. ಹಗ್ಗ ಬಿಚ್ಕೊಂಡ ಹಸು ಮೊದಲು ಹುಡುಕೋದು ನಿಮ್ಮ ಬೆಂಡೆ ಚಿಗುರನ್ನೇ!