ಐದು ವರ್ಷ ನುಂಗಬೇಕಾದ ಮಾತ್ರೆ

ಮಂಡ್ಯದ ಒಂದು ಮೆಡಿಕಲ್ ಶಾಪ್. ಸಂಜೆಯ ನೂಕುನುಗ್ಗಲಿನ ನಡುವೆ ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಮಡಿಕೆಯಲ್ಲೇ ಹರಿಯತೊಡಗಿದ್ದ ಚೀಟಿ ಮುಂದಿಟ್ಟು, ‘ಅಕ್ಕಾ, ಒಂದೇ ಶೀಟು ಕೊಡಿ, ಸಾಕು’ ಎಂದರು. ಚೀಟಿಯಲ್ಲಿದ್ದದ್ದು ಟಮಾಕ್ಸಿಫೆನ್ 20 ಮಿಲಿಗ್ರಾಂ, ಮೂರು ತಿಂಗಳಿಗೆ.

ಫಾರ್ಮಸಿಸ್ಟ್ ಶೀಟು ಕೊಟ್ಟು ಕಳಿಸಿಬಿಡಬಹುದಿತ್ತು. ಹಾಗೆ ಮಾಡದೆ ಆಕೆಯನ್ನು ಫ್ರಿಜ್ ಪಕ್ಕಕ್ಕೆ ಕರೆದು, ‘ಯಾಕಮ್ಮಾ, ಒಂದೇ?’ ಎಂದು ಕೇಳಿದರು. ಮೈಯೆಲ್ಲ ಬೆಂಕಿಯಂತೆ ಬಿಸಿ, ರಾತ್ರಿ ನಿದ್ದೆಯಿಲ್ಲ. ಆಪರೇಷನ್ ಮಾಡಿ ಗೆಡ್ಡೆ ತೆಗೆದಾಯಿತಲ್ಲ, ಇನ್ನೇಕೆ ಮಾತ್ರೆ ಎಂಬುದು ಆಕೆಯ ಪ್ರಶ್ನೆ. ‘ಗೆಡ್ಡೆ ಹೋಯ್ತು. ಅದು ತಿರುಗಿ ಬರದಿರಲಿ ಅಂತಲೇ ಇದು. ಸೆಕೆಗೆ ಡಾಕ್ಟರ್ ಹತ್ರ ದಾರಿ ಇದೆ, ನೀವಾಗಿ ಮಾತ್ರ ನಿಲ್ಲಿಸಬೇಡಿ.’ ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು: ‘ಮುಟ್ಟು ಸರಿಯಾಗಿ ಆಗ್ತಿಲ್ಲ ಅಂತ ಗರ್ಭ ನಿಲ್ಲಲ್ಲ ಅಂದ್ಕೋಬೇಡಿ.’ ಆ ಹೆಣ್ಣುಮಗಳು ಬೆಚ್ಚಿಬಿದ್ದರು. ಅದನ್ನು ಅದುವರೆಗೆ ಅವರಿಗೆ ಯಾರೂ ಹೇಳಿರಲಿಲ್ಲ.

ಈ ಎಚ್ಚರಿಕೆಯ ಹಿಂದೆ ಅರುವತ್ತು ವರ್ಷದ ಸೊಗಸಾದ ಕಥೆಯಿದೆ. 1962ರಲ್ಲಿ ಇಂಗ್ಲೆಂಡಿನ ಚೆಷೈರ್‌ನಲ್ಲಿದ್ದ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಟಮಾಕ್ಸಿಫೆನ್ನನ್ನು ತಯಾರಿಸಿದಾಗ ತಂಡ ಹುಡುಕುತ್ತಿದ್ದದ್ದು ಗರ್ಭನಿರೋಧಕವನ್ನು. ಇಲಿಗಳಲ್ಲಿ ಅದು ಗರ್ಭ ತಡೆಯಿತು. ಹೆಂಗಸರಲ್ಲಿ ಆದದ್ದು ತದ್ವಿರುದ್ಧ: ಅಂಡ ಬಿಡುಗಡೆಗೆ ಅದೇ ಪ್ರಚೋದನೆ ಕೊಟ್ಟಿತು! ಗರ್ಭ ತಡೆಯಲು ಹುಟ್ಟಿದ ಮಾತ್ರೆ ಬಸಿರಾಗಲು ನೆರವಾದರೆ ಯಾವ ಕಂಪನಿ ತಾನೇ ದುಡ್ಡು ಹಾಕೀತು? ಆದರೂ ತಂಡದ ಮುಖ್ಯಸ್ಥ ಆರ್ಥರ್ ವಾಲ್‌ಪೋಲ್ ಪಟ್ಟು ಬಿಡಲಿಲ್ಲ. ಈಸ್ಟ್ರೊಜೆನ್ ಹಾರ್ಮೋನಿನ ಬಲದಿಂದ ಬೆಳೆಯುವ ಸ್ತನ ಕ್ಯಾನ್ಸರ್‌ಗೆ ಇದು ತಡೆಯಾಗಬಹುದೆಂಬ ಆಸೆ ಅವರದು. 1971ರಲ್ಲಿ ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಮೇರಿ ಕೋಲ್ ಮತ್ತು ಸಂಗಡಿಗರು, ರೋಗ ಬಹಳ ಮುಂದುವರಿದಿದ್ದ 46 ಮಹಿಳೆಯರಲ್ಲಿ 10 ಮಂದಿಗೆ ಗುಣ ಕಂಡಿತೆಂದು ವರದಿ ಮಾಡಿದರು. 1973ರಲ್ಲಿ ಬ್ರಿಟನ್, 1977ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಇಂದು ಅದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಡೋರಾ ರಿಚರ್ಡ್‌ಸನ್ ಹೆಸರು ಮಾತ್ರ ಇಂದಿಗೂ ಹೆಚ್ಚು ಜನರಿಗೆ ಗೊತ್ತಿಲ್ಲ. ಅದು ದೊಡ್ಡ ಅನ್ಯಾಯ.

ಹಾರ್ಮೋನಿಗೆ ಸ್ಪಂದಿಸುವ ಬಗೆಯ ಸ್ತನ ಕ್ಯಾನ್ಸರ್ ಇದ್ದವರು ಇದನ್ನು ಐದು ವರ್ಷ ನುಂಗಿದರೆ, ಮುಂದಿನ ಹದಿನೈದು ವರ್ಷಗಳಲ್ಲಿ ಆ ರೋಗದಿಂದ ಸಾಯುವ ಸಂಭವ ಸುಮಾರು ಮೂರನೇ ಒಂದು ಪಾಲು ತಗ್ಗುತ್ತದೆ. ನುಂಗಿದರೆ ಮಾತ್ರ. ಸರ್ಜನ್ ದರ್ಶನ ಆರು ತಿಂಗಳಿಗೊಮ್ಮೆ. ಊರಿನ ಮೆಡಿಕಲ್ ಶಾಪ್‌ಗೆ ರೋಗಿ ತಿಂಗಳು ತಿಂಗಳೂ ಬರುತ್ತಾರೆ. ಮಾತ್ರೆ ತಪ್ಪಿದ್ದು ಮೊದಲು ತಿಳಿಯುವುದು ಅಲ್ಲಿ.

ಬೇರೆ ಬೇರೆ ಡಾಕ್ಟರ ಚೀಟಿಗಳು ಒಟ್ಟು ಸೇರುವ ಜಾಗವೂ ಅದೇ. ಯಕೃತ್ತು ಟಮಾಕ್ಸಿಫೆನ್ನನ್ನು ಎಂಡಾಕ್ಸಿಫೆನ್ ಆಗಿ ಮಾರ್ಪಡಿಸಿದಾಗಲೇ ಅದಕ್ಕೆ ಪೂರ್ಣ ಬಲ. ಖಿನ್ನತೆಗೆ ಕೊಡುವ ಪರಾಕ್ಸೆಟಿನ್, ಫ್ಲುಯಾಕ್ಸೆಟಿನ್ ಈ ಮಾರ್ಪಾಟಿಗೇ ಅಡ್ಡ ಬರುತ್ತವೆ. ಎರಡೂ ಚೀಟಿ ನೋಡಿದ ಫಾರ್ಮಸಿಸ್ಟ್ ಡಾಕ್ಟರಿಗೊಂದು ಫೋನ್ ಮಾಡಿದರೆ ಬದಲಿ ಔಷಧ ಸಿಗುತ್ತದೆ. ಮೀನಖಂಡದಲ್ಲಿ ಊತ–ನೋವು, ಏಕಾಏಕಿ ಏದುಸಿರು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ ಎಂದು ಹೇಳುವುದೂ ಅವರ ಕೆಲಸವೇ. 2015ರ ಫಾರ್ಮಸಿ ಪ್ರ್ಯಾಕ್ಟೀಸ್ ನಿಯಮಗಳು ರೋಗಿಗೆ ತಿಳಿವಳಿಕೆ ಕೊಡುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದೇ ಹೇಳುತ್ತವೆ. ಆದರೆ ಎಷ್ಟೋ ಅಂಗಡಿಗಳಲ್ಲಿ ಗೋಡೆಗೆ ಸರ್ಟಿಫಿಕೇಟ್ ತೂಗುತ್ತಿರುತ್ತದೆ, ಕೌಂಟರಿನಲ್ಲಿ ಓದಿದವರು ಇರುವುದಿಲ್ಲ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಂದಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, 98 ಸಾವಿರ ಮಂದಿ ತೀರಿಕೊಂಡರು. ಬೇಗ ಪತ್ತೆ ಮಾಡಲು ಯಂತ್ರವೇ ಬೇಕೆಂದಿಲ್ಲ. 1998ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಕೊಳೆಗೇರಿಗಳ ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನ ಆರಂಭಿಸಿತು. ಅವರಲ್ಲಿ ಅರ್ಧದಷ್ಟು ಮಂದಿಯನ್ನು, ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. 2021ರಲ್ಲಿ ಬಂದ ಫಲಿತಾಂಶದಂತೆ, ಐವತ್ತು ದಾಟಿದವರಲ್ಲಿ ಸಾವು ಶೇ 30ರಷ್ಟು ತಗ್ಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ. ತರಬೇತಿ ಕೊಟ್ಟರೆ ಊರಿನ ಫಾರ್ಮಸಿಸ್ಟರೂ ಜನರನ್ನು ಇಂಥ ಪರೀಕ್ಷೆಗೆ ಕಳಿಸಿಕೊಡಬಲ್ಲರು.

ನೋವಿಲ್ಲದ ಗಂಟು, ಒಳಸೇದಿದ ತೊಟ್ಟು, ಗುಳಿಬಿದ್ದ ಚರ್ಮ, ತೊಟ್ಟಿನಿಂದ ರಕ್ತ ಕಂಡರೆ ಅಂಗಡಿಯಲ್ಲಿ ಮುಲಾಮು ಕೇಳಬೇಡಿ, ಡಾಕ್ಟರ ಬಳಿ ಹೋಗಿ. ಗಂಡಸರಿಗೂ ಈ ಮಾತು ಅನ್ವಯ. ಮನೆಯಲ್ಲಿ ಯಾರಾದರೂ ಟಮಾಕ್ಸಿಫೆನ್ ನುಂಗುತ್ತಿದ್ದರೆ, ಮುಂದಿನ ಶೀಟು ತರುವಾಗ ಅವರು ತೆಗೆದುಕೊಳ್ಳುವ ಉಳಿದೆಲ್ಲ ಮಾತ್ರೆಗಳನ್ನೂ ಫಾರ್ಮಸಿಸ್ಟರಿಗೆ ತೋರಿಸಿ.