ನೇತ್ರಾಣಿಯ ಹವಳಲೋಕ: ಕಡಲಾಳಕ್ಕೆ ಇಳಿಯುವ ಮುನ್ನ

ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದ ಕಡಲತೀರದಲ್ಲಿ ನಿಂತು ಪಡುವಣ ದಿಕ್ಕಿಗೆ ನೋಡಿದರೆ, ಆಕಾಶ ತಿಳಿಯಾಗಿರುವ ದಿನಗಳಲ್ಲಿ ದಿಗಂತದ ಅಂಚಿನಲ್ಲಿ ಕಪ್ಪು ಗುಡ್ಡವೊಂದು ಮಸುಕಾಗಿ ಕಾಣುತ್ತದೆ. ಅದೇ ನೇತ್ರಾಣಿ. ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಅರಬ್ಬೀ ಸಮುದ್ರದ ನಡುವೆ ನಿಂತಿರುವ ಈ ಪುಟ್ಟ ದ್ವೀಪದಲ್ಲಿ ಜನವಸತಿಯಿಲ್ಲ. ಕಾಲಿಡಲು ಮರಳಿನ ದಂಡೆಯೂ ಇಲ್ಲ. ಕಡಿದಾದ ಬಂಡೆಗಳು ನೇರವಾಗಿ ನೀರಿನೊಳಕ್ಕೆ ಇಳಿದಿವೆ. ಹಿಂದಿನ ಆಂಗ್ಲ ನಕ್ಷೆಗಳಲ್ಲಿ ಇದನ್ನು ಪಾರಿವಾಳಗಳ ದ್ವೀಪವೆಂದು ಗುರುತಿಸಲಾಗಿತ್ತು. ಬಿಳಿಹೊಟ್ಟೆಯ ಕಡಲ ಹದ್ದು ಇಲ್ಲಿನ ಮರಗಳ ಮೇಲೆ ಗೂಡು ಕಟ್ಟುತ್ತದೆ. ಬಂಡೆಯ ಗವಿಗಳಲ್ಲಿ ಬಾನಾಡಿ ಹಕ್ಕಿಗಳು ನೆಲೆಸಿವೆ. ಕರಾವಳಿಯ ಮೀನುಗಾರರಿಗೆ ಇದು ಹರಕೆ ಸಲ್ಲಿಸುವ ತಾಣ. ದ್ವೀಪದ ಮೇಲೆ ಆಡುಗಳನ್ನು ಬಿಟ್ಟು ಬರುವ ವಾಡಿಕೆಯೂ ಅವರಲ್ಲಿದೆ.

ಆದರೆ ನೇತ್ರಾಣಿಯ ನಿಜವಾದ ಸಂಪತ್ತು ನೀರಿನ ಮೇಲಿಲ್ಲ, ನೀರಿನ ಅಡಿಯಲ್ಲಿದೆ. ದ್ವೀಪದ ಸುತ್ತಲಿನ ಮುಳುಗಿದ ಬಂಡೆಗಳ ಮೇಲೆ ಹವಳಗಳು ಬೆಳೆದಿವೆ. ಅವುಗಳ ಆಸರೆಯಲ್ಲಿ ಗಿಳಿ ಮೀನು, ಚಿಟ್ಟೆ ಮೀನು, ತೊರಕೆ, ಕಡಲಾಮೆ ಮೊದಲಾದ ಜೀವಿಗಳು ಬದುಕುತ್ತಿವೆ. ಬಹುಕಾಲ ಮೀನುಗಾರರಿಗೂ ವಿಜ್ಞಾನಿಗಳಿಗೂ ಮಾತ್ರ ಪರಿಚಿತವಾಗಿದ್ದ ಈ ಲೋಕವನ್ನು ಇಂದು ಸಾಮಾನ್ಯ ಪ್ರವಾಸಿಗರೂ ಕಣ್ಣಾರೆ ಕಾಣಬಹುದಾಗಿದೆ. ಇದನ್ನು ಸಾಧ್ಯವಾಗಿಸಿದ ವಿದ್ಯೆ ಸ್ಕೂಬಾ ಡೈವಿಂಗ್. ಈ ವಿದ್ಯೆ ಹೇಗೆ ಕೆಲಸ ಮಾಡುತ್ತದೆ, ಅದರಲ್ಲಿ ಅಡಗಿರುವ ಅಪಾಯಗಳೇನು, ಹವಳಕ್ಕೂ ಹಾನಿಯಾಗದಂತೆ, ಮುಳುಗುವವರಿಗೂ ಹಾನಿಯಾಗದಂತೆ ನಡೆದುಕೊಳ್ಳುವ ಬಗೆ ಹೇಗೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಹವಳ ಇಲ್ಲಿಯೇ ಏಕೆ?

ಭಾರತದ ಪ್ರಮುಖ ಹವಳ ಪ್ರದೇಶಗಳು ನಾಲ್ಕು: ಅಂಡಮಾನ್ ಮತ್ತು ನಿಕೋಬಾರ್, ಲಕ್ಷದ್ವೀಪ, ಮನ್ನಾರ್ ಕೊಲ್ಲಿ ಹಾಗೂ ಪಾಕ್ ಕೊಲ್ಲಿ, ಮತ್ತು ಕಛ್ ಕೊಲ್ಲಿ. ಇವುಗಳ ಹೊರತಾಗಿ ಪಶ್ಚಿಮ ಕರಾವಳಿಯ ಮಹಾರಾಷ್ಟ್ರದ ಮಾಲ್ವಣದಲ್ಲಿ ಹಾಗೂ ಕರ್ನಾಟಕದ ನೇತ್ರಾಣಿಯಂತಹ ಕೆಲವೇ ದ್ವೀಪಗಳ ಸುತ್ತ ಹವಳಗಳು ಚಿಕ್ಕ ಪ್ರಮಾಣದಲ್ಲಿ ಕಂಡುಬರುತ್ತವೆ.

ಹವಳವು ಕಲ್ಲಿನಂತೆ ಕಂಡರೂ ಕಲ್ಲಲ್ಲ. ಗಿಡದಂತೆ ಕಂಡರೂ ಗಿಡವಲ್ಲ. ಅದು ಪಾಲಿಪ್ ಎಂಬ ಸಣ್ಣ ಸಣ್ಣ ಪ್ರಾಣಿಗಳ ಸಮೂಹ. ಪ್ರತಿಯೊಂದು ಪಾಲಿಪ್ ಸಮುದ್ರದ ನೀರಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ ತನ್ನ ಸುತ್ತ ಗಟ್ಟಿಯಾದ ಗೂಡು ಕಟ್ಟಿಕೊಳ್ಳುತ್ತದೆ. ಅದರ ದೇಹದೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಪಾಚಿಗಳು ಬಿಸಿಲಿನ ನೆರವಿನಿಂದ ಆಹಾರ ತಯಾರಿಸಿ ಹವಳಕ್ಕೆ ಒದಗಿಸುತ್ತವೆ. ಹವಳವು ಅವುಗಳಿಗೆ ಆಶ್ರಯ ನೀಡುತ್ತದೆ. ಹವಳದ ಬಣ್ಣದ ಬಹುಪಾಲು ಈ ಪಾಚಿಗಳ ಕೊಡುಗೆ. ಆದ್ದರಿಂದಲೇ ಹವಳ ಬೆಳೆಯಲು ಬೆಚ್ಚನೆಯ, ಉಪ್ಪಾದ, ಬೆಳಕು ತೂರಿಹೋಗುವಷ್ಟು ತಿಳಿಯಾದ ನೀರು ಬೇಕು.

ಕರ್ನಾಟಕದ ತೀರದುದ್ದಕ್ಕೂ ಇಂತಹ ನೀರು ದೊರೆಯುವುದಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಮುಂತಾದ ನದಿಗಳು ಮಳೆಗಾಲದಲ್ಲಿ ಘಟ್ಟದ ಮಣ್ಣನ್ನು ಹೊತ್ತು ತಂದು ಕಡಲಿಗೆ ಸುರಿಯುತ್ತವೆ. ತೀರದ ನೀರು ಕದಡಿ ಕೆಂಪಾಗುತ್ತದೆ. ಉಪ್ಪಿನ ಅಂಶವೂ ತಗ್ಗುತ್ತದೆ. ತೀರದಿಂದ ಸಾಕಷ್ಟು ದೂರದಲ್ಲಿರುವ ನೇತ್ರಾಣಿಯವರೆಗೆ ಈ ಮಣ್ಣು ಅಷ್ಟಾಗಿ ತಲುಪುವುದಿಲ್ಲ. ಬೇರೂರಲು ಗಟ್ಟಿ ಬಂಡೆ, ಬೆಳಕಿಗೆ ತಿಳಿನೀರು ಎರಡೂ ಒಂದೆಡೆ ದೊರೆತದ್ದರಿಂದ ಹವಳ ಇಲ್ಲಿ ನೆಲೆಯೂರಿತು. ಈ ನೆಲೆ ಚಿಕ್ಕದು. ಇಲ್ಲಿ ನಾಶವಾದುದನ್ನು ತುಂಬಿಕೊಡಲು ಸಮೀಪದಲ್ಲಿ ಮತ್ತೊಂದು ವಿಶಾಲವಾದ ಹವಳದ ದಿಬ್ಬವಿಲ್ಲ ಎಂಬುದನ್ನು ಮರೆಯಬಾರದು.

ನೀರಿನಡಿಯ ಉಸಿರಾಟ

ಸ್ಕೂಬಾ ಎಂಬುದು ಆಂಗ್ಲ ಪದಗಳ ಮೊದಲ ಅಕ್ಷರಗಳಿಂದಾದ ಹೆಸರು. ನೀರಿನಡಿಯಲ್ಲಿ ಉಸಿರಾಡಲು ಬೇಕಾದುದನ್ನೆಲ್ಲ ತನ್ನಲ್ಲಿಯೇ ಒಳಗೊಂಡ ಸಾಧನ ಎಂಬುದು ಅದರ ಅರ್ಥ. 1943ರಲ್ಲಿ ಫ್ರಾನ್ಸಿನ ಝಾಕ್ ಈವ್ ಕೂಸ್ತೋ ಹಾಗೂ ಎಮಿಲ್ ಗಾನ್ಯಾನ್ ಅವರು ಇದರ ಆಧುನಿಕ ರೂಪವನ್ನು ಸಿದ್ಧಪಡಿಸಿದರು.

ಮುಳುಗುವವರ ಬೆನ್ನಿನ ಮೇಲಿರುವ ಸಿಲಿಂಡರಿನಲ್ಲಿ ಇರುವುದು ಬರಿಯ ಆಮ್ಲಜನಕವೆಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ಸಾಮಾನ್ಯವಾಗಿ ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ. ಅದನ್ನು ಶುದ್ಧಗೊಳಿಸಿ ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿರುತ್ತಾರೆ. ರೆಗ್ಯುಲೇಟರ್ ಎಂಬ ಉಪಕರಣವು ಈ ಒತ್ತಡವನ್ನು ಇಳಿಸಿ, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ, ಉಸಿರೆಳೆದಾಗ ಮಾತ್ರ ಬಾಯಿಗೆ ಗಾಳಿ ಒದಗಿಸುತ್ತದೆ. ಗಾಳಿ ತುಂಬಿ ತೆಗೆಯಬಹುದಾದ ಅಂಗಿ ಹಾಗೂ ಸೊಂಟದ ಸೀಸದ ತೂಕಗಳ ನೆರವಿನಿಂದ ಮುಳುಗುವವರು ಮೇಲಕ್ಕೂ ಏಳದೆ ತಳಕ್ಕೂ ಇಳಿಯದೆ ನೀರಿನ ನಡುವೆ ನಿಲ್ಲಬಲ್ಲರು.

ನೀರಿನೊಳಗೆ ಇಂದ್ರಿಯಗಳ ಅನುಭವವೂ ಬದಲಾಗುತ್ತದೆ. ವಸ್ತುಗಳು ಇರುವುದಕ್ಕಿಂತ ದೊಡ್ಡದಾಗಿಯೂ ಹತ್ತಿರವಾಗಿಯೂ ತೋರುತ್ತವೆ. ಇಳಿದಂತೆಲ್ಲ ಬೆಳಕಿನ ಬಣ್ಣಗಳಲ್ಲಿ ಮೊದಲು ಕೆಂಪು ಮಾಯವಾಗಿ ಎಲ್ಲವೂ ನೀಲಿಯಾಗುತ್ತದೆ. ಶಬ್ದವು ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಬರುವುದರಿಂದ ಅದು ಯಾವ ದಿಕ್ಕಿನದೆಂದು ತಿಳಿಯುವುದು ಕಷ್ಟ. ಮಾತು ಸಾಧ್ಯವಿಲ್ಲವಾದುದರಿಂದ ಕೈಸನ್ನೆಗಳೇ ಭಾಷೆ. ಹೆಬ್ಬೆರಳು ಎತ್ತಿ ತೋರಿಸುವುದಕ್ಕೆ ನೆಲದ ಮೇಲೆ ಎಲ್ಲವೂ ಚೆನ್ನಾಗಿದೆ ಎಂಬ ಅರ್ಥವಿದ್ದರೆ, ನೀರಿನಡಿಯಲ್ಲಿ ಮೇಲಕ್ಕೆ ಹೋಗೋಣ ಎಂದು ಅರ್ಥ. ಕ್ಷೇಮವಾಗಿದ್ದೇನೆ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಉಂಗುರದಂತೆ ತೋರಿಸಬೇಕು. ಇಳಿಯುವ ಮುನ್ನವೇ ಈ ಸನ್ನೆಗಳನ್ನು ಕಲಿಯುವುದು ಅವಶ್ಯ.

ಒತ್ತಡದ ನಿಯಮ

ಸ್ಕೂಬಾ ಡೈವಿಂಗಿನ ಮುಖ್ಯ ಅಪಾಯಗಳಿಗೆ ಕಾರಣ ನೀರಿನ ಒತ್ತಡ. ಸಮುದ್ರದ ಮೇಲ್ಮೈಯಲ್ಲಿ ದೇಹದ ಮೇಲಿರುವುದು ಒಂದು ವಾಯುಮಂಡಲದ ಒತ್ತಡ. ಪ್ರತಿ 10 ಮೀಟರ್ ಆಳಕ್ಕೆ ಇಂತಹ ಇನ್ನೊಂದು ಒತ್ತಡ ಸೇರುತ್ತದೆ. ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ ಎಂಬುದು ಶಾಲೆಯಲ್ಲಿ ಕಲಿಯುವ ಬಾಯ್ಲನ ನಿಯಮ. 10 ಮೀಟರ್ ಆಳದಲ್ಲಿ ಶ್ವಾಸಕೋಶದ ತುಂಬ ಗಾಳಿ ಎಳೆದುಕೊಂಡು, ಉಸಿರು ಬಿಗಿಹಿಡಿದು ಮೇಲಕ್ಕೆ ಬಂದರೆ, ಆ ಗಾಳಿ ಎರಡು ಪಟ್ಟು ಹಿಗ್ಗಲು ಯತ್ನಿಸುತ್ತದೆ. ಇದರಿಂದ ಶ್ವಾಸಕೋಶ ಹರಿಯುವ ಸಂಭವವಿದೆ. ಆದುದರಿಂದ ನೀರಿನಡಿಯಲ್ಲಿ ಎಂದಿಗೂ ಉಸಿರು ಬಿಗಿಹಿಡಿಯಬಾರದು. ಗಾಬರಿಯಾದಾಗಲೂ ನಿಧಾನವಾಗಿ ಉಸಿರಾಡುತ್ತಲೇ ಇರಬೇಕು. ಇದು ಈ ವಿದ್ಯೆಯ ಮೊದಲ ಪಾಠ.

ಇಳಿಯುವಾಗ ಕಿವಿಯಲ್ಲಿ ಒತ್ತಡ ಉಂಟಾಗುತ್ತದೆ. ಮೂಗನ್ನು ಹಿಡಿದು ಮೆಲ್ಲನೆ ಗಾಳಿ ಊದಿದರೆ ಅದು ಸರಿಹೋಗುತ್ತದೆ. ನೋವು ಬರುವ ಮೊದಲೇ ಇದನ್ನು ಮಾಡಬೇಕು. ಸರಿಹೋಗದಿದ್ದಲ್ಲಿ ಮತ್ತೂ ಇಳಿಯದೆ ತುಸು ಮೇಲಕ್ಕೆ ಬರಬೇಕು. ನೆಗಡಿ ಇರುವವರು ಅಂದು ಮುಳುಗದಿರುವುದೇ ಲೇಸು.

ಇನ್ನೊಂದು ಅಪಾಯ ಸಾರಜನಕದ್ದು. ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ ಕರಗುತ್ತದೆ. ಸರ್ರನೆ ಮೇಲೆ ಬಂದರೆ, ಸೋಡಾ ಶೀಶೆಯ ಮುಚ್ಚಳ ತೆಗೆದಾಗ ಆಗುವಂತೆ, ಅದು ಗುಳ್ಳೆಗಳಾಗಿ ಹೊರಬರುತ್ತದೆ. ಕೀಲುನೋವು, ಮರಗಟ್ಟುವಿಕೆ, ತಲೆಸುತ್ತು, ಅತಿಯಾದ ಆಯಾಸ ಇದರ ಲಕ್ಷಣಗಳು. ಲಕ್ಷಣಗಳು ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುವುದೂ ಉಂಟು. ಇಂತಹ ಸಂದರ್ಭದಲ್ಲಿ ರೋಗಿಗೆ ತಕ್ಷಣ ಶುದ್ಧ ಆಮ್ಲಜನಕ ನೀಡಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಆಳಕ್ಕೆ ಹೋದಷ್ಟೂ, ಹೆಚ್ಚು ಹೊತ್ತು ಇದ್ದಷ್ಟೂ ಅಪಾಯ ಹೆಚ್ಚು; ನಿಧಾನವಾಗಿ ಏರುವುದೇ ಇದಕ್ಕೆ ಮುಖ್ಯ ಮುಂಜಾಗ್ರತೆ.

ದೂರದ ಊರುಗಳಿಂದ ಬರುವವರು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಒಮ್ಮೆ ಮಾತ್ರ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದವರು ಕನಿಷ್ಠ 18 ಗಂಟೆ ಕಳೆಯುವವರೆಗೆ ವಿಮಾನ ಏರಬಾರದು. ವಿಮಾನದೊಳಗಿನ ಕಡಿಮೆ ಒತ್ತಡವು ಗುಳ್ಳೆಗಳಿಗೆ ಎಡೆಮಾಡಿಕೊಡುತ್ತದೆ. ಎತ್ತರದ ಘಟ್ಟವನ್ನು ಹತ್ತುವಾಗಲೂ ಒತ್ತಡ ಕಡಿಮೆಯಾಗುತ್ತದೆ. ಹಲವು ಬಾರಿ ಅಥವಾ ಹೆಚ್ಚು ಆಳಕ್ಕೆ ಮುಳುಗಿದವರು ಅಂದೇ ಘಟ್ಟದ ಹಾದಿ ಹಿಡಿಯುವ ಮುನ್ನ ತರಬೇತುದಾರರ ಸಲಹೆ ಪಡೆಯುವುದು ಒಳಿತು. ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣವಾಗಿ ತೆರೆದ ಮೇಲೆ ಮುಂಬಯಿ ಕಡೆಯಿಂದ ಮುರ್ಡೇಶ್ವರಕ್ಕೆ ಕರಾವಳಿಯ ಮೂಲಕವೇ ರೈಲಿನಲ್ಲಿ ಬಂದು ಹೋಗಲು ಅನುಕೂಲವಾಗಿದೆ.

ಯಾರು, ಯಾವಾಗ?

ಈಜು ಬಾರದವರಿಗೂ ಪ್ರಾಯೋಗಿಕವಾಗಿ ಒಮ್ಮೆ ಮುಳುಗಲು ಅವಕಾಶ ನೀಡುವುದು ರೂಢಿಯಲ್ಲಿದೆ. ಇಂತಹವರನ್ನು ತರಬೇತಿ ಪಡೆದ ಮಾರ್ಗದರ್ಶಕರು ಜೊತೆಯಲ್ಲಿದ್ದು 12 ಮೀಟರಿಗೆ ಮೀರದಂತೆ ಕರೆದೊಯ್ಯಬೇಕು. ಮೊದಲ ಹಂತದ ತರಬೇತಿ ಮುಗಿಸಿದವರಿಗೆ 18 ಮೀಟರ್ ಮಿತಿ. ವಿನೋದಕ್ಕಾಗಿ ಮುಳುಗುವ ಯಾರೂ 40 ಮೀಟರಿಗಿಂತ ಕೆಳಗೆ ಇಳಿಯತಕ್ಕದ್ದಲ್ಲ. ಉಬ್ಬಸ, ಹೃದ್ರೋಗ, ಮೂರ್ಛೆರೋಗ ಇರುವವರು ಮತ್ತು ಇತ್ತೀಚೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ವೈದ್ಯರ ಒಪ್ಪಿಗೆಯಿಲ್ಲದೆ ಮುಳುಗಬಾರದು. ಗರ್ಭಿಣಿಯರು ಮುಳುಗಲೇಬಾರದು. ಮದ್ಯ ಸೇವಿಸಿ ನೀರಿಗಿಳಿಯುವುದು ಪ್ರಾಣಾಪಾಯಕಾರಿ. ಆರೋಗ್ಯದ ಪ್ರಶ್ನಾವಳಿಯಲ್ಲಿ ಯಾವುದನ್ನೂ ಮುಚ್ಚಿಡಬಾರದು. ಮಾರ್ಗದರ್ಶಕರ ಅರ್ಹತೆ, ದೋಣಿಯಲ್ಲಿ ಜೀವರಕ್ಷಕ ಅಂಗಿ ಹಾಗೂ ತುರ್ತು ಆಮ್ಲಜನಕ ಇವೆಯೇ ಎಂಬುದನ್ನು ಕೇಳಿ ತಿಳಿಯುವುದು ಪ್ರವಾಸಿಗರ ಹಕ್ಕು.

ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾಗಿರುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತ್ರಾಣಿಗೆ ಪ್ರವಾಸ ಇರುವುದಿಲ್ಲ. ಮಳೆ ನಿಂತು ನೀರು ತಿಳಿಯಾದ ಮೇಲೆ, ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ, ದೋಣಿಗಳು ಹೊರಡುತ್ತವೆ. ಪ್ರವಾಸಿಗರು ದೋಣಿಯಿಂದಲೇ ನೀರಿಗಿಳಿಯುತ್ತಾರೆ; ದ್ವೀಪವನ್ನು ಹತ್ತುವುದಿಲ್ಲ.

ಹವಳಕ್ಕೆ ಒದಗಿರುವ ಕಂಟಕ

ಗುಂಡಾಗಿ ಬೆಳೆಯುವ ಹವಳಗಳಲ್ಲಿ ಅನೇಕವು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು ಮಾತ್ರ ಬೆಳೆಯುತ್ತವೆ. ಈಜುಪಾದದ ಒಂದು ಒದೆತ, ದೋಣಿಯ ಲಂಗರಿನ ಒಂದು ಎಳೆತ ಹಲವು ವರ್ಷಗಳ ಬೆಳವಣಿಗೆಯನ್ನು ಕ್ಷಣದಲ್ಲಿ ಮುರಿಯಬಲ್ಲದು. ಕಳಚಿ ಬಿದ್ದ ಬಲೆಗಳು ಹವಳಕ್ಕೆ ಸುತ್ತಿಕೊಂಡು, ವಾರಸುದಾರರಿಲ್ಲದೆಯೂ ಮೀನು ಮತ್ತು ಆಮೆಗಳನ್ನು ಕೊಲ್ಲುತ್ತಲೇ ಇರುತ್ತವೆ. ಪ್ಲಾಸ್ಟಿಕ್ ಚೀಲಗಳೂ ಇಂತಹದೇ ಕಂಟಕ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಕಡಲಿನ ಬಿಸಿಯೇರಿಕೆ. ಬೇಸಿಗೆಯ ಸಾಮಾನ್ಯ ಗರಿಷ್ಠಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಿನ ತಾಪ ಕೆಲವು ವಾರ ಮುಂದುವರಿದರೂ ಹವಳವು ತನ್ನೊಳಗಿನ ಪಾಚಿಗಳನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ತಾಪ ಬೇಗ ಇಳಿದರೆ ಅದು ಚೇತರಿಸಿಕೊಳ್ಳಬಹುದು. ಇಳಿಯದಿದ್ದರೆ ಹಸಿದು ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ತೀವ್ರ ಹಾನಿಗೊಳಗಾದವು. ಜಗತ್ತಿನಾದ್ಯಂತ ನಾಲ್ಕನೆಯ ಬಾರಿಗೆ ಹವಳಗಳು ಬಿಳಿಚಿಕೊಳ್ಳುತ್ತಿರುವುದನ್ನು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ದೃಢಪಡಿಸಿದರು. ಕಡಲಿನ ತಾಪವನ್ನು ಒಬ್ಬ ಪ್ರವಾಸಿಗ ತಗ್ಗಿಸಲಾರ. ಆದರೆ ಬಿಸಿಲಿನ ಪೆಟ್ಟು ತಿಂದ ಹವಳಕ್ಕೆ ಲಂಗರಿನ ಪೆಟ್ಟೂ ಬೀಳದಂತೆ ನೋಡಿಕೊಳ್ಳುವುದು ಎಲ್ಲರಿಗೂ ಸಾಧ್ಯ.

ಕಾನೂನು ಮತ್ತು ಕರ್ತವ್ಯ

ಹವಳಕ್ಕೆ ಕಾನೂನಿನ ಬಲವಾದ ರಕ್ಷಣೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಲಾಯಿತು. ಹುಲಿ, ಆನೆಗಳಂತೆಯೇ ಹವಳವೂ ರಕ್ಷಿತ ಜೀವಿ. ನೆನಪಿಗೆಂದು ಒಂದು ತುಂಡು ಮುರಿದು ತರುವುದೂ, ಅಂಗಡಿಯಲ್ಲಿ ಕೊಳ್ಳುವುದೂ ಅಪರಾಧವೇ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯು ಹವಳದ ಪ್ರದೇಶಗಳನ್ನು ಅತಿ ಸೂಕ್ಷ್ಮ ವಲಯಗಳ ಸಾಲಿಗೆ ಸೇರಿಸಿದೆ.

ನೀರಿಗಿಳಿಯುವವರು ಪಾಲಿಸಬೇಕಾದ ನಿಯಮಗಳು ಸರಳವಾಗಿವೆ. ಹವಳದ ಮೇಲೆ ನಿಲ್ಲಬಾರದು, ಅದನ್ನು ಮುಟ್ಟಬಾರದು. ಮೀನುಗಳಿಗೆ ಬ್ರೆಡ್ಡು, ಬಿಸ್ಕತ್ತು ಹಾಕಬಾರದು. ಆಮೆಯನ್ನು ಬೆನ್ನಟ್ಟಬಾರದು. ಸತ್ತ ಚಿಪ್ಪನ್ನೂ ಎತ್ತಿ ತರಬಾರದು. ಅದು ಮತ್ತೊಂದು ಜೀವಿಯ ಮನೆಯಾಗಬಹುದು. ಹವಳದ ಮೇಲೆ ಲಂಗರು ಹಾಕದ ದೋಣಿಯನ್ನೇ ಆರಿಸಿಕೊಳ್ಳಬೇಕು. ಒಯ್ದ ಕಸವನ್ನೆಲ್ಲ ಮರಳಿ ತರಬೇಕು.

ಹವಳದ ರಕ್ಷಣೆಯೆಂದರೆ ಮೀನುಗಾರರ ಬದುಕಿಗೆ ಅಡ್ಡಿಯಲ್ಲ. ಬಂಡೆ ಮತ್ತು ಹವಳಗಳ ಸಂದುಗಳು ಅನೇಕ ಮೀನುಗಳ ಮರಿಗಳಿಗೆ ತೊಟ್ಟಿಲು. ತೊಟ್ಟಿಲು ಉಳಿದರೆ ಬಲೆಯೂ ತುಂಬುತ್ತದೆ. ಪ್ರವಾಸಿಗರನ್ನು ಕರೆದೊಯ್ಯುವ ದೋಣಿಗಳಿಗೂ ಕೆಲಸವಿರುತ್ತದೆ. ಹವಳ ಸತ್ತ ಕಡಲಿಗೆ ಮೀನುಗಾರನೂ ಹೋಗುವುದಿಲ್ಲ, ಪ್ರವಾಸಿಗನೂ ಬರುವುದಿಲ್ಲ.

ಇಷ್ಟು ಕಾಲ ನೇತ್ರಾಣಿಯನ್ನು ಕಾಪಾಡಿದ್ದು ತೀರದಿಂದ ಅದಕ್ಕಿರುವ ದೂರ. ದೋಣಿಗಳು ಆ ದೂರವನ್ನು ಕಡಿಮೆ ಮಾಡಿರುವ ಇಂದಿನ ದಿನಗಳಲ್ಲಿ, ಅದನ್ನು ಕಾಪಾಡಬೇಕಾದುದು ಅಲ್ಲಿಗೆ ಹೋಗುವವರ ವಿವೇಕ. ಪ್ರಕೃತಿಯನ್ನು ರಕ್ಷಿಸುವುದೂ ಜೀವಿಗಳಲ್ಲಿ ದಯೆ ತೋರುವುದೂ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ಅನುಚ್ಛೇದ ಸಾರುತ್ತದೆ. ಆ ಕರ್ತವ್ಯವು ನೆಲದ ಅಂಚಿಗೆ ಮುಗಿಯದು. ನೀರಿನ ಅಡಿಯಲ್ಲಿಯೂ ಮುಂದುವರಿಯುತ್ತದೆ.